ರಜೆ ನೋಡ್ಕೊಂಡು ಹಿಮ ಬೀಳಲ್ಲ

ಬೆಂಗಳೂರಲ್ಲಿ ಸ್ಕೀಯಿಂಗ್ ಪ್ಲಾನ್ ಶುರುವಾಗೋದು ರಜೆ ಲಿಸ್ಟಿಂದ. ವರ್ಷದ ಕೊನೇಲಿ ಆಫೀಸಿಂದ ಮುಂದಿನ ವರ್ಷದ ಹಾಲಿಡೇ ಪಟ್ಟಿ ಮೇಲ್ ಬರತ್ತೆ, ಬಂದ ಕೂಡಲೇ ಯಾರೋ ಒಬ್ಬರು ಕೂಡಿಸಿ ಕಳೆದು ಲೆಕ್ಕ ಹಾಕ್ತಾರೆ, ಸಂಕ್ರಾಂತಿ ಇಂಥ ದಿನ, ರಿಪಬ್ಲಿಕ್ ಡೇ ಇಂಥ ದಿನ, ನಡುವೆ ಒಂದೆರಡು ಲೀವ್ ಹಾಕಿದ್ರೆ ಒಂದು ವಾರ ಪೂರ್ತಿ ಸಿಗತ್ತೆ, ಮಾರ್ಚ್ ಬೇಡ, ಅಪ್ರೈಸಲ್ಲು, ಮಕ್ಕಳಿರೋರಿಗೆ ಪರೀಕ್ಷೆ. ತಾರೀಖು ಫಿಕ್ಸ್ ಆಗತ್ತೆ, ಶ್ರೀನಗರಕ್ಕೆ ಟಿಕೆಟ್ ಆಗತ್ತೆ, ಹೋಟೆಲ್‌ಗೆ ಅಡ್ವಾನ್ಸ್ ಹೋಗತ್ತೆ. ಇಷ್ಟೆಲ್ಲಾ ಆದ್ಮೇಲೆ ಒಬ್ಬರು ಕೇಳ್ತಾರೆ, "ಅಲ್ಲ, ಆಗ ಸ್ನೋ ಇರತ್ತಾ?"

ಆಮೇಲೆ ಸ್ಕ್ರೀನ್‌ಶಾಟ್ ಹಬ್ಬ. ಒಬ್ಬರ ಫೋನಲ್ಲಿ ಆ ವಾರ ಪೂರ್ತಿ ಹಿಮದ ಗುರುತು, ಇನ್ನೊಬ್ಬರ ಫೋನಲ್ಲಿ ಬರೀ ಸೂರ್ಯ, ಮೂರನೆಯವರು ದುಡ್ಡು ಕೊಟ್ಟು ಹಾಕ್ಕೊಂಡಿರೋ ಆಪಲ್ಲಿ ದಿನಕ್ಕೆ ಇಷ್ಟಿಷ್ಟು ಸೆಂಟಿಮೀಟರ್ ಅಂತ ಖಡಾಖಂಡಿತ ಲೆಕ್ಕ. ಮೂರು ವಾರ ಆಚೆಗಿನ ದಿನಕ್ಕೆ ಸೆಂಟಿಮೀಟರ್ ಲೆಕ್ಕ ಕೊಡೋ ಆಪ್ ಜ್ಯೋತಿಷ್ಯದ ಅಂಗಡಿನೂ ಇಟ್ಕೋಬಹುದು, ಆದ್ರೆ ಅದನ್ನ ಯಾರೂ ಹೇಳಲ್ಲ, ಯಾಕಂದ್ರೆ ಕೊನೆಗೆ ಗೆಲ್ಲೋದು ನಮ್ಮ ಟಿಕೆಟ್ ಜೊತೆ ಹೊಂದೋ ಫೋರ್‌ಕಾಸ್ಟೇ. ನಾನು ಈ ತರದ ಗುಂಪುಗಳಲ್ಲಿ ಸುಮಾರು ವರ್ಷದಿಂದ ಇದೀನಿ, ಚಳಿಗಾಲಕ್ಕೆ ಸ್ಕೀ ಗುಂಪು, ಮಳೆಗಾಲಕ್ಕೆ ರಾಫ್ಟಿಂಗ್ ಗುಂಪು, ಜನ ಹೆಚ್ಚುಕಮ್ಮಿ ಅವರೇ, ಚರ್ಚೆನೂ ಅದೇ. ಹವಾಮಾನ ನೋಡಿ ರಜೆ ಹಾಕೋದು ನಮಗೆ ಆಗೋ ಮಾತಲ್ಲ, ಹಾಗಾಗಿ ರಜೆ ನೋಡಿ ಹವಾಮಾನ ಹುಡುಕ್ತೀವಿ. ನನಗೆ ಈಗೀಗ ಅನ್ಸೋದು, ಬೆಟ್ಟದಲ್ಲಿ ನಮ್ಮಂಥವರಿಗೆ ಇರೋ ದೊಡ್ಡ ಅಪಾಯ ಇದೇ ಅಂತ, ಚಳಿನೂ ಅಲ್ಲ ಎತ್ತರನೂ ಅಲ್ಲ.

ಮೊದಲು ಆ ಆಪ್ ತೋರಿಸೋ ನಂಬರ್ ವಿಷ್ಯಕ್ಕೆ ಬರ್ತೀನಿ. "ಗುಲ್ಮರ್ಗ್ ಮೈನಸ್ ನಾಲ್ಕು" ಅಂತ ತೋರಿಸ್ತು ಅಂದ್ಕೊಳ್ಳಿ. ಗುಲ್ಮರ್ಗ್ ಅಂದ್ರೆ ನಾವು ಸ್ಕೀಗೆ ಹೋಗೋ ಕಾಶ್ಮೀರದ ಬೆಟ್ಟದೂರು, ಆದ್ರೆ ಯಾವ ಗುಲ್ಮರ್ಗ್? ಹೋಟೆಲ್‌ಗಳು ಇರೋ ಬಯಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಗೊಂಡೋಲಾದ, ಅಂದ್ರೆ ಬೆಟ್ಟದ ಮೇಲಕ್ಕೆ ಹೋಗೋ ಕೇಬಲ್ ಕಾರಿನ, ಮೊದಲ ಹಂತ ಮುಗಿಯೋ ಕೊಂಗ್‌ಡೂರಿ 3,000 ದಾಟಿದೆ, ಎರಡನೇ ಹಂತ ಇಳಿಸೋದು ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರಲ್ಲಿ. ಗಾಳಿಯ ಉಷ್ಣಾಂಶ ಸರಾಸರಿ ಪ್ರತಿ ಸಾವಿರ ಮೀಟರ್‌ಗೆ ಆರೂವರೆ ಡಿಗ್ರಿ ಇಳಿಯತ್ತೆ. ಇದು ನಮಗೇನೂ ಹೊಸದಲ್ಲ, ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿರೋದರಿಂದಲೇ ಮಂಗಳೂರಿನವರು ಇಲ್ಲಿಗೆ ಬಂದು "ಆಹಾ ಏನ್ ತಂಪು" ಅನ್ನೋದು. ಅದೇ ಲೆಕ್ಕ ಹಾಕಿದ್ರೆ ಗುಲ್ಮರ್ಗ್ ಬಯಲಿಗೂ ಗೊಂಡೋಲಾ ತುದಿಗೂ ಎಂಟು ಡಿಗ್ರಿಗೂ ಜಾಸ್ತಿ ವ್ಯತ್ಯಾಸ ಬರತ್ತೆ. ಕೆಳಗೆ ಹೋಟೆಲ್ ಮುಂದೆ ಮಳೆ ಹನೀತಾ ಇರತ್ತೆ, ಮೇಲೆ ಒಣ ಪೌಡರ್, ಅಂದ್ರೆ ಹಿಟ್ಟಿನಂಥ ಹಗುರ ಹಿಮ, ಬೀಳ್ತಿರತ್ತೆ, ಎರಡೂ ಒಂದೇ ಮೋಡದಿಂದ. ಅದಕ್ಕೇ ಗೊತ್ತಿರೋರು "ಎಷ್ಟು ಡಿಗ್ರಿ" ಅಂತ ಕೇಳಲ್ಲ, "ಫ್ರೀಜಿಂಗ್ ಲೆವೆಲ್ ಎಲ್ಲಿದೆ" ಅಂತ ಕೇಳ್ತಾರೆ, ಅಂದ್ರೆ ಸೊನ್ನೆ ಡಿಗ್ರಿ ಯಾವ ಎತ್ತರದಲ್ಲಿದೆ ಅಂತ. ಹಿಮ ಅದಕ್ಕಿಂತ ಒಂದಿನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೂ ಹಿಮವಾಗೇ ಬರಬಹುದು, ಗಾಳಿ ಒಣಗಿದ್ರೆ ಇನ್ನೂ ಕೆಳಗೆ.

ಇನ್ನೊಂದು ತಮಾಷೆ ಇದೆ. ಈ ಆಪುಗಳ ಹಿಂದಿರೋ ಜಾಗತಿಕ ಮಾಡೆಲ್‌ಗಳು ಭೂಮಿನ ಚೌಕ ಚೌಕ ಮಾಡಿ ಲೆಕ್ಕ ಹಾಕ್ತವೆ, ಯುರೋಪಿನವರ ಮುಖ್ಯ ಮಾಡೆಲ್ ಸುಮಾರು 9 ಕಿಲೋಮೀಟರ್ ಚೌಕ, ಅಮೆರಿಕದ್ದು 13, ನಮ್ಮ ದೇಶದವರು 2025ರ ಮೇನಲ್ಲಿ ಬಿಟ್ಟ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6. ಗುಲ್ಮರ್ಗ್ ಗೊಂಡೋಲಾ ಎರಡೂ ಹಂತ ಸೇರಿಸಿದ್ರೂ ಹತ್ತತ್ರ 5 ಕಿಲೋಮೀಟರ್ ಅಷ್ಟೆ. ಅಂದ್ರೆ ಇಡೀ ಸ್ಕೀ ಏರಿಯಾ, ಬಯಲು ಕಣಿವೆ ಶಿಖರ ಎಲ್ಲಾ, ಒಂದೇ ಚೌಕದೊಳಗೆ ಕೂತುಬಿಡಬಹುದು, ಆ ಚೌಕಕ್ಕೆ ಮಾಡೆಲ್ ಕೊಡೋದು ಒಂದೇ ಎತ್ತರ. ಎಷ್ಟೋ ಆಪುಗಳು ಅದನ್ನ ಆಮೇಲೆ ಎತ್ತರಕ್ಕೆ ತಕ್ಕ ಹಾಗೆ ತಿದ್ತವೆ, ಕೆಲವು ತಿದ್ದಲ್ಲ. ತಿದ್ದದೇ ಇರೋ ಆಪಲ್ಲಿ ನೀವು ನೋಡ್ತಿರೋದು ಯಾವತ್ತೂ ಇಲ್ಲದೇ ಇರೋ ಒಂದು ಸರಾಸರಿ ಬೆಟ್ಟದ ಹವಾಮಾನ. ಜಯನಗರದಲ್ಲಿ ಧೋ ಅಂತ ಮಳೆ, ಹೆಬ್ಬಾಳದಲ್ಲಿ ಬಿಸಿಲು, ಇದನ್ನ ದಿನಾ ನೋಡೋ ನಾವೇ ಹಿಮಾಲಯಕ್ಕೆ ಒಂದು ನಂಬರ್ ಸಾಕು ಅಂದ್ಕೊಳ್ತೀವಲ್ಲ, ಅದು ನನಗೆ ಅರ್ಥ ಆಗಲ್ಲ.

ಸರಿ, ಹಿಮ ಬರೋದಾದ್ರೂ ಎಲ್ಲಿಂದ? ನಮ್ಮ ತಲೇಲಿ ಮಳೆ ಅಂದ್ರೆ ಮುಂಗಾರು, ಕೇರಳಕ್ಕೆ ಬಂತು, ಕಾರವಾರಕ್ಕೆ ಬಂತು, ಇನ್ನು ನಾಳೆ ಇಲ್ಲಿ, ಹಾಗೆ. ಕಾಶ್ಮೀರದ ಚಳಿಗಾಲದ ಹಿಮಕ್ಕೂ ಮುಂಗಾರಿಗೂ ಸಂಬಂಧ ಇಲ್ಲ. ಅದು ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿಂದ, ಮೇಲಿನ ಜೆಟ್ ಗಾಳಿ ಜೊತೆ ಇರಾನು ಅಫ್ಘಾನಿಸ್ತಾನ ದಾಟಿ ಬರೋ ಬಿರುಗಾಳಿ ವ್ಯವಸ್ಥೆ, ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರೆ. ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕೈದು ಬರೋದು ವಾಡಿಕೆ, ಆದ್ರೆ ಬಂದಿದ್ದೆಲ್ಲಾ ಹಿಮ ಸುರಿಸಲ್ಲ, ಕೆಲವು ಬರೀ ಮೋಡ ತೋರಿಸಿ ಹೋಗ್ತವೆ, ಕೆಲವು ಮೂರು ದಿನ ಕೂತು ರಸ್ತೆ ಏರ್‌ಪೋರ್ಟ್ ಎಲ್ಲಾ ಬಂದ್ ಮಾಡಿಸ್ತವೆ. ಮುಂಗಾರಿಗಿರೋ ಪಂಚಾಂಗ ಇದಕ್ಕಿಲ್ಲ.

ಕಾಶ್ಮೀರದವರಿಗೆ ಮಾತ್ರ ಅವರದ್ದೇ ಪಂಚಾಂಗ ಇದೆ. ಡಿಸೆಂಬರ್ 21ರಿಂದ ನಲವತ್ತು ದಿನ ಕಡು ಚಳಿಯ ಚಿಲ್ಲಾಯ್ ಕಲಾನ್, ಆಮೇಲೆ ಇಪ್ಪತ್ತು ದಿನ ಚಿಲ್ಲಾಯ್ ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲಾಯ್ ಬಚ್ಚಾ. ನಮ್ಮಲ್ಲಿ ಆರಿದ್ರಾ, ಪುಷ್ಯ ಅಂತ ಮಳೆ ನಕ್ಷತ್ರ ಎಣಿಸೋ ರೈತರಿಗೆ ಇದು ತಕ್ಷಣ ಅರ್ಥ ಆಗತ್ತೆ. ಆ ನಲವತ್ತು ದಿನದಲ್ಲಿ ಬಿದ್ದ ಹಿಮ ನಿಲ್ಲತ್ತೆ, ಗಟ್ಟಿಯಾಗತ್ತೆ, ಬೇಸಿಗೆವರೆಗೂ ಕೆಳಗಡೆ ಕಣಿವೆಗೆ ನೀರು ಕೊಡತ್ತೆ, ಮಾರ್ಚ್ ಕೊನೇಲಿ ಬಿದ್ದಿದ್ದು ಬೇಗ ಕರಗಿ ಹೋಗತ್ತೆ. 2024ರ ಜನವರಿಲಿ ಚಿಲ್ಲಾಯ್ ಕಲಾನ್ ಬಹುಪಾಲು ಒಣಗೇ ಹೋಯ್ತು, ಗುಲ್ಮರ್ಗಿನ ಕಂದು ಬಣ್ಣದ ಹುಲ್ಲಿನ ಫೋಟೋಗಳು ಎಲ್ಲಾ ಕಡೆ ಓಡಾಡಿದ್ವು, ನಮ್ಮ ಪೈಕಿ ಸುಮಾರು ಜನ ಕ್ಯಾನ್ಸಲ್ ಮಾಡಿದ್ರು. ಹಿಮ ಸರಿಯಾಗಿ ಬರೋಕೆ ಶುರುವಾಗಿದ್ದು ಆ ತಿಂಗಳ ಕೊನೆಗೆ. 2025ರಲ್ಲಂತೂ ಗುಲ್ಮರ್ಗಲ್ಲಿ ಫೆಬ್ರವರಿಗೆ ಇಟ್ಟಿದ್ದ ಖೇಲೋ ಇಂಡಿಯಾ ವಿಂಟರ್ ಗೇಮ್ಸನ್ನೇ ಹಿಮ ಸಾಲದೆ ಮಾರ್ಚ್‌ಗೆ ತಳ್ಳಿದ್ರು. ಸರ್ಕಾರನೇ ತಾರೀಖು ಬದಲಾಯಿಸಿದ ಮೇಲೆ ನಮ್ಮ ರಿಪಬ್ಲಿಕ್ ಡೇ ಲಾಂಗ್ ವೀಕೆಂಡ್ ಯಾವ ಲೆಕ್ಕ.

ಇಲ್ಲಿವರೆಗೂ ಬರೀ ಹಿಮ ಬಿತ್ತಾ ಇಲ್ವಾ ಅನ್ನೋ ಮಾತು. ನಿಜವಾದ ಕಥೆ ಹಿಮ ಬಿದ್ದ ಮೇಲೆ ಶುರು.

ಮಳೆ ಬಿದ್ರೆ ಹರಿದು ಹೋಗತ್ತೆ, ಸಂಜೆಗೆ ರಸ್ತೆ ಒಣಗಿದ್ರೆ ಬೆಳಗ್ಗೆ ಬಂದಿತ್ತು ಅನ್ನೋದೇ ಮರೆತುಹೋಗತ್ತೆ. ಹಿಮ ಹಾಗಲ್ಲ, ಬಿದ್ದಿದ್ದೆಲ್ಲಾ ಅಲ್ಲೇ ಕೂರತ್ತೆ, ಪದರದ ಮೇಲೆ ಪದರ. ನವೆಂಬರ್‌ದು ತಳದಲ್ಲಿ, ಡಿಸೆಂಬರ್‌ದು ಅದರ ಮೇಲೆ, ನಡುವೆ ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಒಂದು ಪದರ, ಮೇಲೆ ನಿನ್ನೆ ರಾತ್ರಿಯದ್ದು. ಹಿಮ ತೆಳ್ಳಗಿದ್ದು ಚಳಿ ಒಣಗಿ ಬಹಳ ದಿನ ಇದ್ರೆ ತಳದ ಕಣಗಳ ಆಕಾರನೇ ಬದಲಾಗತ್ತೆ, ಒಂದಕ್ಕೊಂದು ಅಂಟ್ಕೊಳ್ಳದೆ ಉದುರುದುರು ಆಗತ್ತೆ. ಅದರ ಮೇಲೆ ಗಾಳಿ ಹೊಡೆದು ಕೂಡಿಸಿದ ಗಟ್ಟಿ ಹಲಗೆಯಂಥ ಹೊಸ ಹಿಮ ಬಂದು ಕೂತ್ರೆ ಅದು ರವೆ ಹರಡಿ ಮೇಲೆ ಹಪ್ಪಳ ಇಟ್ಟ ಹಾಗೆ, ಇಳಿಜಾರಲ್ಲಿ ಒಬ್ಬ ಮನುಷ್ಯನ ಭಾರ ಸಾಕು ಇಡೀ ಹಪ್ಪಳ ಮುರಿದು ಜಾರೋಕೆ. ಹಿಮಕುಸಿತ ಹೆಚ್ಚಾಗಿ ಆಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲಿ, ಸ್ಕೀ ಮಾಡೋರಿಗೆ ಮಜಾ ಕೊಡೋ ಇಳಿಜಾರೂ ಅದೇ, ಇದೊಂದು ಕಾಕತಾಳೀಯ ನೋಡಿ. ಅದರಲ್ಲಿ ಸಿಕ್ಕಿ ಸಾಯೋರ ಪೈಕಿ ಹೆಚ್ಚಿನವರಿಗೆ ಆ ಕುಸಿತ ಶುರು ಮಾಡಿದ್ದು ಅವರೇ, ಇಲ್ಲಾ ಅವರ ಜೊತೆಯವರೇ. ಬೆಟ್ಟ ತಾನಾಗಿ ಮೇಲೆ ಬಂದು ಬೀಳೋದು ಕಮ್ಮಿ.

ಈಗ ಇದನ್ನ ಬೆಂಗಳೂರಿನ ಕಣ್ಣಿಂದ ನೋಡಿ. ಎರಡು ದಿನ ಬಿರುಗಾಳಿ, ಗೊಂಡೋಲಾ ಬಂದ್, ಹೋಟೆಲ್ ರೂಮಲ್ಲಿ ಕೂತು ಮ್ಯಾಗಿ ತಿಂದು ಸಾಕಾಗಿದೆ. ಮೂರನೇ ದಿನ ಬೆಳಗ್ಗೆ ಪರದೆ ಸರಿಸಿದ್ರೆ ನೀಲಿ ಆಕಾಶ, ಮಂಡಿವರೆಗೂ ಹೊಸ ಪೌಡರ್, ಗಾಳಿ ನಿಂತಿದೆ. ಆಪಲ್ಲಿ ದೊಡ್ಡ ಸೂರ್ಯ. ನಾಳಿದ್ದು ವಾಪಸ್ ಫ್ಲೈಟು. ಆ ಬೆಳಗ್ಗೆಯಷ್ಟು ಚೆನ್ನಾಗಿ ಕಾಣೋ ಬೆಳಗ್ಗೆ ಇನ್ನೊಂದಿಲ್ಲ, ಹಿಮಕುಸಿತದ ಲೆಕ್ಕದಲ್ಲಿ ಅಷ್ಟು ಅಪಾಯದ ಬೆಳಗ್ಗೆನೂ ಕಮ್ಮಿ. ದೊಡ್ಡ ಹಿಮ ಬಿದ್ದ ಮೊದಲ ಒಂದೆರಡು ದಿನ, ಅದರಲ್ಲೂ ಗಾಳಿ ಜೊತೆ ಬಂದಿದ್ರೆ, ಬೆಟ್ಟದ ಗಾಳಿಗೆ ಮರೆಯಾದ ಬದಿಯಲ್ಲಿ ಬೇಕಾದಷ್ಟು ಹಿಮ ಒಟ್ಟಾಗಿರತ್ತೆ, ಇನ್ನೂ ಕೂತಿರಲ್ಲ. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಆದ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರ್ಕೊಂಡ್ರು. 2024ರ ಫೆಬ್ರವರಿ 22ಕ್ಕೆ, ಕೆಳಗೆ ಖೇಲೋ ಇಂಡಿಯಾ ಸ್ಪರ್ಧೆ ನಡೀತಿರೋವಾಗಲೇ, ಮೇಲೆ ರಷ್ಯಾದ ಒಬ್ಬರು. ಇವರೆಲ್ಲಾ ನಮ್ಮ ಹಾಗೆ ಮೊದಲ ಸಲ ಸ್ಕೀ ಕಟ್ಟಿದೋರಲ್ಲ.

ಇದಕ್ಕೂ ಬುಲೆಟಿನ್ ಇದೆ. ಚಂಡೀಗಢದಲ್ಲಿರೋ ಡಿಜಿಆರ್‌ಇ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒದ ಒಂದು ಲ್ಯಾಬ್, ಮೊದಲು ಸಾಸೆ ಅಂತಿತ್ತು, ಅವರು ಜಿಲ್ಲೆವಾರು ಹಿಮಕುಸಿತದ ಎಚ್ಚರಿಕೆ ಕೊಡ್ತಾರೆ. ಜಗತ್ತಲ್ಲಿ ಬಹಳ ಕಡೆ ಒಂದರಿಂದ ಐದರವರೆಗೆ ಅಪಾಯದ ಮಟ್ಟ ಹೇಳೋದು ರೂಢಿ. ನಮ್ಮವರು ಮೂರು ಅಂತ ನೋಡಿ "ಐದಕ್ಕೆ ಮೂರು ತಾನೆ, ಮೀಡಿಯಮ್ಮು" ಅಂತಾರೆ. ಆಲ್ಪ್ಸ್‌ನಲ್ಲಿ ಜನ ಅತಿ ಹೆಚ್ಚು ಸಾಯೋದು ಆ ಮೂರರ ದಿನವೇ, ಯಾಕಂದ್ರೆ ನಾಲ್ಕು ಐದರ ದಿನ ಯಾರೂ ಹೊರಗೆ ಹೋಗಲ್ಲ, ಮೂರರ ದಿನ ಎಲ್ಲರೂ ಹೋಗ್ತಾರೆ. ಹೂತುಹೋದವರನ್ನ ಹತ್ತು ಹದಿನೈದು ನಿಮಿಷದೊಳಗೆ ತೆಗೆದ್ರೆ ಬದುಕೋ ಸಾಧ್ಯತೆ ಚೆನ್ನಾಗಿರತ್ತೆ, ಆಮೇಲೆ ಧಡಾರಂತ ಬೀಳತ್ತೆ. ಹೆಲಿಕಾಪ್ಟರ್ ಬರೋ ಟೈಮ್ ಅಲ್ಲ ಅದು, ಪಕ್ಕದಲ್ಲಿರೋ ಫ್ರೆಂಡ್ ಹತ್ರ ಬೀಕನ್ (ಹೂತವರು ಎಲ್ಲಿದಾರೆ ಅಂತ ಸಿಗ್ನಲ್‌ನಿಂದ ಹುಡುಕೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡೋ ಉದ್ದ ಕೋಲು), ಸಲಿಕೆ ಇದ್ದು ಅದನ್ನ ಬಳಸೋಕೆ ಬರ್ತಿರ್ಬೇಕು.

ಹೆದರಿಸೋಕೆ ಹೇಳ್ತಿಲ್ಲ. ಮೊದಲ ಸಲ ಹೋಗಿ ಕೆಳಗಿನ ಮಂದ ಇಳಿಜಾರಲ್ಲಿ ಬಿದ್ದು ಎದ್ದು ಕಲಿಯೋರಿಗೆ ಹಿಮಕುಸಿತ ಅಷ್ಟು ಹತ್ರದ ಚಿಂತೆ ಅಲ್ಲ, ಅವರಿಗೆ ಬೇಕಾಗಿರೋದು ಬೇರೆ, ಯಾವ ಹೊತ್ತಿಗೆ ಹಿಮ ಹೇಗಿರತ್ತೆ ಅನ್ನೋ ಲೆಕ್ಕ, ಬೆಳಗ್ಗೆ ಒಂಬತ್ತಕ್ಕೆ ರಾತ್ರಿ ಹೆಪ್ಪುಗಟ್ಟಿದ ಮಂಜುಗಡ್ಡೆ, ಬಿದ್ರೆ ಮೊಣಕೈ ಮುರಿಯತ್ತೆ, ಹನ್ನೊಂದಕ್ಕೆ ಮೇಲ್ಪದರ ಸ್ವಲ್ಪ ಸಡಿಲ ಆಗಿ ಚೆನ್ನಾಗಿರತ್ತೆ, ಮೂರಕ್ಕೆ ಕೆಸರು. ಮಾರ್ಚಲ್ಲಂತೂ ಒಂದೇ ದಿನದಲ್ಲಿ ಮೂರು ಋತು. ಹಿಮದ ಉಷ್ಣಾಂಶ ಎಷ್ಟು ಮುಖ್ಯ ಅಂತ ತಿಳೀಬೇಕಂದ್ರೆ ಕ್ರಾಸ್ ಕಂಟ್ರಿ ಸ್ಕೀಯರ್‌ಗಳನ್ನ, ಅಂದ್ರೆ ಬಯಲಲ್ಲೂ ಏರಲ್ಲೂ ಸ್ಕೀ ತಳ್ಕೊಂಡು ದೂರ ಹೋಗೋರನ್ನ, ಕೇಳ್ಬೇಕು, ಅವರು ಆವತ್ತಿನ ಹಿಮ ಎಷ್ಟು ತಣ್ಣಗಿದೆ, ಎಷ್ಟು ಒದ್ದೆ ಇದೆ ನೋಡಿ ಸ್ಕೀ ತಳಕ್ಕೆ ಬೇರೆ ಬೇರೆ ವ್ಯಾಕ್ಸ್ ಹಚ್ತಾರೆ, ಒಂದೆರಡು ಡಿಗ್ರಿ ತಪ್ಪಿದ್ರೆ ಸ್ಕೀ ಒಂದೋ ಹಿಡ್ಕೊಳ್ಳತ್ತೆ ಇಲ್ಲಾ ಹಿಂದಕ್ಕೆ ಜಾರತ್ತೆ. ಅಂದಹಾಗೆ ದೇಶದ ಒಳ್ಳೆ ಕ್ರಾಸ್ ಕಂಟ್ರಿ ಸ್ಕೀಯರ್‌ಗಳಲ್ಲಿ ಒಬ್ಬರು ನಮ್ಮ ಕೊಡಗಿನವರು, ಭವಾನಿ ತೆಕ್ಕಡ ನಂಜುಂಡ, ಗುಲ್ಮರ್ಗಲ್ಲಿ ಖೇಲೋ ಇಂಡಿಯಾ ಚಿನ್ನ ಗೆದ್ದೋರು. ಮಳೆ ಬಿಟ್ರೆ ಆಕಾಶದಿಂದ ಬೇರೇನೂ ಬೀಳದ ಊರಿಂದ ಹೋಗಿ ಹಿಮದ ಡಿಗ್ರಿ ಓದೋದು ಕಲ್ತಿದಾರೆ ಅನ್ನೋದು ನನಗೆ ಪದಕಕ್ಕಿಂತ ದೊಡ್ಡದು ಅನ್ಸತ್ತೆ.

ಮಳೆ ಅಂದಾಗ ನೆನಪಾಯ್ತು, ನಮ್ಮ ಸೋದರಮಾವ ಒಬ್ಬರಿದಾರೆ ಪಾಂಡವಪುರದ ಕಡೆ, ವಿ.ಸಿ. ನಾಲೆ ನೀರಿನ ಗದ್ದೆ. ಅವರು ಜೂನ್ ಬಂತಂದ್ರೆ ಪೇಪರಲ್ಲಿ ಮೊದಲು ಓದೋದು ಕೆಆರ್‌ಎಸ್ ಬಾಕ್ಸು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಅವರು ಯಾವತ್ತೂ "ಇವತ್ತು ಮಳೆ ಬರತ್ತಾ" ಅಂತ ಕೇಳಿದ್ದು ನಾನು ಕೇಳಿಲ್ಲ. "ಭಾಗಮಂಡಲದಲ್ಲಿ ಚೆನ್ನಾಗಿ ಉಯ್ದದಂತೆ ಕಣವ್ವ, ನಾಳೆ ನಾಡಿದ್ದು ಒಳಹರಿವು ಏರ್ತದೆ ನೋಡ್ತಿರು" ಅಂತಾರೆ, ಏರ್ತದೆ. ಹನ್ನೊಂದೂವರೆ ಸಾವಿರ ಕ್ಯೂಸೆಕ್ ನೀರು ಒಂದಿಡೀ ದಿನ ಬಂದ್ರೆ ಸುಮಾರು ಒಂದು ಟಿಎಂಸಿ ಅನ್ನೋ ಲೆಕ್ಕ ಅವರ ಬಾಯಲ್ಲೇ ಇದೆ. ಮೇಲಿನ ಒಂದು ಅಡಿ ತುಂಬೋಕೆ ಕೆಳಗಿನ ಒಂದು ಅಡಿಗಿಂತ ತುಂಬಾ ಜಾಸ್ತಿ ನೀರು ಬೇಕು, ಅದೂ ಗೊತ್ತು. ಕಾವೇರಿ ಜಗಳದ ದಯದಿಂದ ಕರ್ನಾಟಕದ ಅರ್ಧ ಜನಕ್ಕೆ ಈ ಭಾಷೆ ಬರತ್ತೆ. ಬೇರೆ ರಾಜ್ಯದ ಫ್ರೆಂಡ್ಸ್ ಕ್ಯೂಸೆಕ್ ಅಂದ್ರೆ ಪಿಳಿಪಿಳಿ ನೋಡ್ತಾರೆ, ನಾವು ಟೀ ಅಂಗಡೀಲಿ ಮಾತಾಡ್ತೀವಿ.

ಹೊಳೇಲಿ ರಾಫ್ಟು, ಕಯಾಕು ಹಾಕೋರಿಗೆ ಬೇಕಾಗಿರೋದು ಇಷ್ಟೇ ಓದು. ನಮ್ಮ ಕಾಳಿ ನದಿ ತಗೊಳ್ಳಿ. ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡಿಯೋದು ಆವತ್ತಿನ ಮಳೆ ಮೇಲಲ್ಲ, ಮೇಲಿರೋ ಸೂಪಾ ಡ್ಯಾಮಿನ ಪವರ್ ಹೌಸಲ್ಲಿ ಮೆಷಿನ್ ಓಡ್ತಿದೆಯಾ ಇಲ್ವಾ ಅನ್ನೋದರ ಮೇಲೆ, ನೀರು ಬಿಟ್ರೆ ಹೊಳೆ, ಬಿಡದಿದ್ರೆ ಬಂಡೆ. ರಾಜ್ಯಕ್ಕೆ ಎಷ್ಟು ಕರೆಂಟ್ ಬೇಕೋ ಅದೇ ನಮ್ಮ ಅಲೆ. ಕೊಡಗಿನ ಬರಪೊಳೆ ಇದಕ್ಕೆ ಉಲ್ಟಾ, ಡ್ಯಾಮಿಲ್ಲ, ಬ್ರಹ್ಮಗಿರಿ ಕಡೆ ಬೆಟ್ಟದಲ್ಲಿ ಮಳೆ ಹೊಯ್ದ್ರೆ ಕೆಲವೇ ಗಂಟೇಲಿ ಹೊಳೆ ಬಣ್ಣನೂ ಸದ್ದೂ ಬದಲಾಗತ್ತೆ, ಮಳೆ ಬಿಟ್ರೆ ಅಷ್ಟೇ ಬೇಗ ಇಳಿಯತ್ತೆ. ಬೆಳಗ್ಗೆ ನೋಡಿ ಒಪ್ಕೊಂಡ ಹೊಳೆ ಮಧ್ಯಾಹ್ನದ ಹೊಳೆ ಅಲ್ಲ. ಮತ್ತೆ ನೀರಿನ ವೇಗ ಎರಡರಷ್ಟಾದ್ರೆ ಅದು ತಳ್ಳೋ ಬಲ ನಾಲ್ಕರಷ್ಟಾಗತ್ತೆ, ಹಾಗಾಗಿ "ಸ್ವಲ್ಪ ಜಾಸ್ತಿ ನೀರಿದೆ ಅಷ್ಟೆ" ಅನ್ನೋ ಮಾತಿಗೆ ಬೆಲೆ ಇಲ್ಲ. ಕೆಆರ್‌ಎಸ್‌ನಿಂದ ಜೋರಾಗಿ ನೀರು ಬಿಟ್ಟಾಗೆಲ್ಲಾ ರಂಗನತಿಟ್ಟಲ್ಲಿ ಬೋಟಿಂಗ್ ನಿಲ್ಲಿಸ್ತಾರೆ, ಅಷ್ಟು ಸಾಧುವಾದ ಬೋಟಿಂಗನ್ನೇ.

ಹಿಮಾಲಯದ ಹೊಳೆಗೆ ಹೋದ್ರೆ ಈ ಓದೂ ಸಾಲಲ್ಲ, ಯಾಕಂದ್ರೆ ಅಲ್ಲಿ ಮಳೆನೇ ಇಲ್ಲದೆ ಹೊಳೆ ಏರತ್ತೆ. ಲಡಾಖಿನ ಝಂಸ್ಕಾರ್ ನೋಡಿ, ಚಳಿಗಾಲದಲ್ಲಿ ಮೇಲೆ ಜನ ನಡ್ಕೊಂಡು ಹೋಗೋಷ್ಟು ಹೆಪ್ಪುಗಟ್ಟೋ ನದಿ ಅದು, ಚಾದರ್ ಟ್ರೆಕ್ ಅಂತಾರಲ್ಲ, ಅದೇ. ಬೇಸಿಗೇಲಿ ಚಿಲಿಂಗ್‌ನಿಂದ ನಿಮ್ಮುವರೆಗೆ ರಾಫ್ಟ್ ಓಡತ್ತೆ. ಅಲ್ಲಿ ಆಕಾಶ ಶುಭ್ರವಾಗಿದ್ದು ಬಿಸಿಲು ಸುಡ್ತಾ ಇದ್ರೆ ನೀರು ಜಾಸ್ತಿ, ಎರಡು ದಿನ ಮೋಡ ಕವಿದು ತಣ್ಣಗಿದ್ರೆ ನೀರು ಕಮ್ಮಿ, ನಮ್ಮ ಮಲೆನಾಡಿನ ಲೆಕ್ಕಕ್ಕೆ ಪೂರ್ತಿ ತಿರುಗಾಮುರುಗಾ. ಮೇಲೆ ಹಿಮ, ಗ್ಲೇಸಿಯರ್ ಕರಗೋದು ಮಧ್ಯಾಹ್ನ ಜೋರು, ಆ ನೀರು ಕೆಳಗೆ ಬರೋಕೆ ಟೈಮ್ ಹಿಡಿಯತ್ತೆ, ದೂರ ಎಷ್ಟಿದೆ ಅನ್ನೋದರ ಮೇಲೆ ಸಂಜೆಗೋ ಮಧ್ಯರಾತ್ರಿಗೋ ಬರತ್ತೆ. ಅದಕ್ಕೇ ನದಿ ಪಕ್ಕ ಕ್ಯಾಂಪ್ ಹಾಕೋ ಗೈಡುಗಳು ಸಂಜೆ ನೀರು ಎಲ್ಲಿದೆ ನೋಡಿ ಅದಕ್ಕಿಂತ ಸಾಕಷ್ಟು ಮೇಲೆ ರಾಫ್ಟ್ ಎಳೆದು ಕಟ್ತಾರೆ. ಇದನ್ನ ಮಾವನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಅವ್ರ ಕೆಆರ್‌ಎಸ್ಸು ಬೆಟ್ಟದ ಮ್ಯಾಲೇ ಅದೆ ಅನ್ನು" ಅಂದ್ರು. ನಾನು ಇಷ್ಟುದ್ದ ಬರೆದಿದ್ದನ್ನ ಅವರು ಒಂದು ಸಾಲಲ್ಲಿ ಮುಗಿಸಿದ್ರು.

ನಿಜ ಅದು. ಮೇಲೆ ಎಷ್ಟು ಹಿಮ ಇದೆ ಅನ್ನೋದನ್ನ ಅಳತೆ ಮಾಡೋರು ಆಳದ ಜೊತೆ ಅದರಲ್ಲಿರೋ ನೀರನ್ನೂ ಲೆಕ್ಕ ಹಾಕ್ತಾರೆ. ಹತ್ತು ಸೆಂಟಿಮೀಟರ್ ಹೊಸ ಹಿಮ ಕರಗಿಸಿದ್ರೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ನೀರು, ಒಣ ಪೌಡರ್ ಆದ್ರೆ ಇನ್ನೂ ಕಮ್ಮಿ, ಮಾರ್ಚಿನ ಒದ್ದೆ ಹಿಮ ಆದ್ರೆ ಜಾಸ್ತಿ. ಸ್ಕೀಯರ್ ಕುಣಿದಾಡೋ ಹಗುರ ಹಿಮದಲ್ಲಿ ರಾಫ್ಟಿಂಗ್‌ನವರಿಗೆ ಸಿಗೋದು ಸ್ವಲ್ಪ, ಸ್ಕೀಯರ್ ಬೈಕೊಳ್ಳೋ ಭಾರದ ಹಿಮದಲ್ಲಿ ಜೂನಿನ ಹೊಳೆ ಇದೆ. ಗಂಗೆಯಲ್ಲೂ ಮೇ ಜೂನಲ್ಲಿ ಮಳೆಗಿಂತ ಮುಂಚೆನೇ ನೀರು ಏರೋದು ಇದೇ ಕಾರಣಕ್ಕೆ, ಆಮೇಲೆ ಮಳೆಗಾಲಕ್ಕೆ ಋಷಿಕೇಶದಲ್ಲಿ ರಾಫ್ಟಿಂಗೇ ಬಂದ್. ಇನ್ನು ಆ ನೀರಿನ ತಣ್ಣಗೆ ಬೇರೆ ಜಾತಿದು. ದಾಂಡೇಲಿಲಿ ರಾಫ್ಟಿಂದ ಬಿದ್ರೆ ನಗ್ತೀವಿ, ಅಲ್ಲಿ ಬಿದ್ದ ಮೊದಲ ನಿಮಿಷ ಉಸಿರೇ ನಮ್ಮ ಕೈಲಿರಲ್ಲ, ಬಾಯಿ ತಾನಾಗೇ ತೆರೆಯತ್ತೆ, ಆಗ ತಲೆ ನೀರೊಳಗಿದ್ರೆ ಕಷ್ಟ. ಹತ್ತು ನಿಮಿಷದಲ್ಲಿ ಬೆರಳು ಹಗ್ಗ ಹಿಡಿಯೋ ಸ್ಥಿತೀಲಿರಲ್ಲ. ಮೇಲೆ ಗಾಳಿ 30 ಡಿಗ್ರಿ ಇದೆ, ವೆಟ್ ಸೂಟ್ ಯಾಕೆ ಸೆಕೆ ಅಂತ ಗೊಣಗೋರು ಪ್ರತಿ ರಾಫ್ಟಲ್ಲೂ ಒಬ್ಬರಿರ್ತಾರೆ.

ಮತ್ತೆ ಕೆಲವೊಮ್ಮೆ ಯಾವ ಲೆಕ್ಕನೂ ನಡಿಯಲ್ಲ. 2021ರ ಫೆಬ್ರವರಿ 7ರ ಬೆಳಗ್ಗೆ ಉತ್ತರಾಖಂಡದ ಚಮೋಲಿಯಲ್ಲಿ ಮಳೆ ಇರ್ಲಿಲ್ಲ, ರೋಂಟಿ ಶಿಖರದ ಒಂದು ಬದಿ ಬಂಡೆ ಮಂಜುಗಡ್ಡೆ ಸಮೇತ ಕಿತ್ತು ಬಿತ್ತು, ಋಷಿಗಂಗಾ, ಧೌಲಿಗಂಗಾ ನದಿಗಳಲ್ಲಿ ಪ್ರವಾಹ ಬಂದು ಇನ್ನೂರಕ್ಕೂ ಜಾಸ್ತಿ ಜನ ಹೋದ್ರು, ಅದು ಚಳಿಗಾಲ, ನೀರು ಅತಿ ಕಮ್ಮಿ ಇರೋ ಕಾಲ. ಇದಕ್ಕೆ ಯಾವ ಆಪೂ ಇಲ್ಲ.

ಆದ್ರೆ ನಮ್ಮ ಊರಿನವರಿಗೆ ಮರೆಯೋಕಾಗದ್ದು 2024ರ ಜೂನ್ ಮೊದಲ ವಾರ. ಜೂನ್ 2ಕ್ಕೆ ಬೆಂಗಳೂರಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ, ಜೂನ್ ತಿಂಗಳ ಮಟ್ಟಿಗೆ 1891ರ ದಾಖಲೆನೇ ಮುರೀತು, ಮರಗಳು ಬಿದ್ವು, ಎಲ್ಲರೂ ಅದನ್ನೇ ಮಾತಾಡ್ತಿದ್ವಿ. ಅದೇ ವಾರ ಉತ್ತರಾಖಂಡದ ಸಹಸ್ರತಾಲ್‌ಗೆ ಟ್ರೆಕ್ ಹೋಗಿದ್ದ ನಮ್ಮವರ ಗುಂಪು, ಗೈಡುಗಳು ಸೇರಿ 22 ಜನ, ವಾಪಸ್ ಬರೋ ದಾರೀಲಿ ಹಿಮಗಾಳಿಗೆ ಸಿಕ್ಕಿಕೊಂಡ್ರು. 4,000 ಮೀಟರ್‌ಗೂ ಮೇಲೆ. ಒಂಬತ್ತು ಜನ ಬರ್ಲಿಲ್ಲ, ಹದಿಮೂರು ಜನರನ್ನ ಕರ್ಕೊಂಡು ಬಂದ್ರು. ಅವರಲ್ಲಿ ಬೆಟ್ಟ ಹತ್ತಿ ಅನುಭವ ಇದ್ದೋರು ಇದ್ರು, ಇಲ್ಲಿ ಕೂತು ಅವರ ತೀರ್ಮಾನ ತೂಗೋ ಯೋಗ್ಯತೆ ನನಗಿಲ್ಲ, ತೂಗೋಕೂ ಇಷ್ಟ ಇಲ್ಲ. ಆದ್ರೆ ಆಮೇಲೆ ನಮ್ಮ ಅಪಾರ್ಟ್‌ಮೆಂಟಲ್ಲಿ, ಆಫೀಸಲ್ಲಿ ಜನ ಕೇಳ್ತಿದ್ದ ಪ್ರಶ್ನೆ ಮಾತ್ರ ತಲೇಲಿ ಉಳೀತು: "ಜೂನಲ್ಲಿ ಎಂಥ ಹಿಮ?" ನಮಗೆ ಜೂನ್ ಅಂದ್ರೆ ಮಳೆಗಾಲದ ಶುರು, ಸ್ಕೂಲ್ ಶುರು. ಆ ಎತ್ತರದಲ್ಲಿ ಹಿಮ ಬೀಳೋಕೆ ತಿಂಗಳು ನೋಡ್ಬೇಕಿಲ್ಲ, ಒಂದು ಮೋಡ ಸಾಕು. ಚಳಿಗಿಂತ ಗಾಳಿ ಕೆಟ್ಟದ್ದು, ಸೊನ್ನೆ ಡಿಗ್ರಿಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದ್ರೆ ಮೈಗೆ ಮೈನಸ್ ಏಳರ ಹಾಗೆ ತಟ್ಟತ್ತೆ, ಬಟ್ಟೆ ಒದ್ದೆಯಾಗಿದ್ರೆ ಆ ಲೆಕ್ಕನೂ ಕೆಲಸಕ್ಕೆ ಬರಲ್ಲ.

ಅದಾದ ಮೇಲೆ ನಾನು ಪ್ಲಾನ್‌ಗಳಲ್ಲಿ ಮೊದಲು ಹುಡುಕೋದು ಖಾಲಿ ದಿನ. ಐದು ದಿನದ ಪ್ಯಾಕೇಜಲ್ಲಿ ಐದೂ ದಿನ ಏನೋ ಒಂದು ಇದ್ರೆ, ಒಂದು ದಿನ ಗೊಂಡೋಲಾ ಗಾಳಿಗೆ ನಿಂತ್ರೆ ಮಾರನೇ ದಿನ ಎಲ್ಲರ ಮುಖದಲ್ಲೂ ಅವಸರ ಕಾಣತ್ತೆ, ಆ ಅವಸರದಲ್ಲೇ "ಬನ್ನಿ, ಇಷ್ಟು ದೂರ ಬಂದಿದೀವಿ" ಅನ್ನೋ ಮಾತು ಬರತ್ತೆ. ಗುಲ್ಮರ್ಗ್, ಮನಾಲಿ ಕಡೆಯ ಸರ್ಕಾರಿ ಸಂಸ್ಥೆಗಳ ಎರಡು ವಾರದ ಸ್ಕೀ ಕೋರ್ಸು ನನಗೆ ಅದಕ್ಕೇ ಇಷ್ಟ, ಊಟ ಸಾಧಾರಣ, ರೂಮು ಇನ್ನೂ ಸಾಧಾರಣ, ಆದ್ರೆ ಎರಡು ವಾರದಲ್ಲಿ ಒಂದು ಬಿರುಗಾಳಿ ಬಂದು ಹೋದ್ರೂ ಯಾರೂ ಗಾಬರಿಯಾಗಲ್ಲ, ಆವತ್ತು ಕ್ಲಾಸ್‌ರೂಮಲ್ಲಿ ಕೂರಿಸಿ ಪಾಠ ಮಾಡ್ತಾರೆ. ಎರಡು ವಾರ ಲೀವ್ ಯಾವ ಮ್ಯಾನೇಜರ್ ಕೊಡ್ತಾರೆ ಅಂತ ಕೇಳ್ಬೇಡಿ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಗುಂಪಿಗೆ ನಾನು ಹೇಳೋದು ಇಷ್ಟು, ಐದು ದಿನ ಹೋಗೋ ದುಡ್ಡಲ್ಲಿ ಒಂದು ಸಲ ಬಿಟ್ಟು ಒಂದು ಸಲ ಎಂಟು ದಿನ ಹೋಗೋಣ. ಅರ್ಧ ಜನ ಒಪ್ತಾರೆ, ಇನ್ನರ್ಧ ಜನ "ಖಾಲಿ ದಿನ ಏನ್ ಮಾಡೋದು" ಅಂತಾರೆ. ಇಸ್ಪೀಟು ತಗೊಂಡ್ ಬನ್ನಿ.

ಇನ್ನೊಂದು, ಹೋಗೋ ಮುಂಚೆ ಆಪ್ ನೋಡೋದಕ್ಕಿಂತ ಅಲ್ಲಿರೋರಿಗೆ ಒಂದು ಫೋನ್ ಮಾಡೋದು ವಾಸಿ, ಆದ್ರೆ ಕೇಳೋ ಪ್ರಶ್ನೆ ಬದಲಾಗ್ಬೇಕು. "ಸ್ನೋ ಇದೆಯಾ ಭೈಯಾ" ಅಂದ್ರೆ ಇದೆ ಅಂತಲೇ ಅನ್ನೋದು, ಅದು ಅವರ ಹೊಟ್ಟೆಪಾಡು. ಕಳೆದ ವಾರ ಎಷ್ಟು ಬಿತ್ತು, ಗಾಳಿ ಯಾವ ಕಡೆಯಿಂದ ಇತ್ತು, ಮಧ್ಯೆ ಮಳೆ ಬಂತಾ, ಎರಡನೇ ಹಂತದ ಗೊಂಡೋಲಾ ಎಷ್ಟು ದಿನ ನಿಂತಿತ್ತು, ಹೊಳೆಗಾದ್ರೆ ಬೆಳಗ್ಗೆ ನೀರು ಎಲ್ಲಿರತ್ತೆ ಸಂಜೆ ಎಲ್ಲಿರತ್ತೆ, ಹೀಗೆ ಕೇಳಿದ್ರೆ ಆ ಕಡೆ ದನಿ ಸ್ವಲ್ಪ ಬದಲಾಗತ್ತೆ, ಇವರು ಸುಮ್ನೆ ಕೇಳ್ತಿಲ್ಲ ಅಂತ ಗೊತ್ತಾಗತ್ತೆ. ಒಬ್ಬ ಗೈಡ್ ಹುಡುಗ ಇದಕ್ಕೆಲ್ಲಾ ಸಮಾಧಾನವಾಗಿ ಉತ್ತರ ಕೊಟ್ಟು, ಮುಂದಿನ ವಾರ ಮೇಲೆ ಹೋಗಬಹುದಾ ಅಂದಿದ್ದಕ್ಕೆ "ಅದು ಶುಕ್ರವಾರ ಹೇಳ್ತೀನಿ ಮೇಡಂ, ಈಗಲ್ಲ" ಅಂದ. ನಾನು ಸರಿ ಅಂದೆ, ಶುಕ್ರವಾರ ಅವನೇ ಫೋನ್ ಮಾಡಿ ಮೇಲೆ ಬೇಡ, ಕೆಳಗೆ ಮರಗಳ ನಡುವೆ ಆಡೋಣ ಅಂದ. ಅಂಥವರ ನಂಬರ್ ಸಿಕ್ಕಿದ್ರೆ ಸೇವ್ ಮಾಡಿ ಇಟ್ಕೊಳ್ಳಿ, ಡಿಸೆಂಬರಲ್ಲೇ ಫೋನ್ ಎತ್ತಿ "ಬನ್ನಿ ಬನ್ನಿ ಫುಲ್ ಸ್ನೋ" ಅನ್ನೋರು ಬೇಕಾದಷ್ಟು ಸಿಗ್ತಾರೆ.